ನೋವಿನಲ್ಲಿರುವಾಗ ಧರ್ಮಗ್ರಂಥವನ್ನು ಎಲ್ಲಿಂದ ಓದಬೇಕು?

ನಿದ್ದೆಗೆಟ್ಟವಳು

ನನಗೆ ಸಂಧಿವಾತ ಹಿಡಿದು ನಾಲ್ಕು ವರ್ಷವಾಯಿತು. ಬೆಳಿಗ್ಗೆ ಎದ್ದರೆ ಬೆರಳುಗಳು ಒಣಕಟ್ಟಿಗೆಯಂತೆ ಸೆಟೆದಿರುತ್ತವೆ. ಮುಷ್ಟಿ ಕಟ್ಟಲು ಒಂದು ಗಂಟೆ ಹಿಡಿಯುತ್ತದೆ. ಔಷಧ ನಡೆಯುತ್ತಿದೆ, ವೈದ್ಯರ ಮೇಲೆ ನನಗೆ ದೂರಿಲ್ಲ. ಆದರೆ ಕಳೆದ ವರ್ಷದಿಂದ ಇನ್ನೊಂದು ಸೇರಿಕೊಂಡಿದೆ. ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ. ಕಾರಣವಿಲ್ಲದೆ ಅಳು ಬರುತ್ತದೆ. ಯಾರಾದರೂ ನೋಡಲು ಬಂದರೆ ಅವರು ಯಾವಾಗ ಹೊರಡುತ್ತಾರೋ ಎಂದು ಕಾಯುತ್ತಿರುತ್ತೇನೆ. ಕೈಯ ನೋವು ಮನಸ್ಸಿಗೆ ಇಳಿಯಿತೋ, ಮನಸ್ಸಿನ ನೋವು ಕೈಗೆ ಏರಿತೋ ನನಗೇ ತಿಳಿಯದು.

ನನ್ನ ಮೇಲೆ ಪ್ರೀತಿ ಇರುವವರು ದಿನವೂ ಮೊಬೈಲಿಗೆ ಶ್ಲೋಕಗಳನ್ನು ಕಳುಹಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಬರುವುದು ಗೀತೆಯ ಎರಡನೆಯ ಅಧ್ಯಾಯದ 14ನೆಯ ಶ್ಲೋಕ: ‘ಮಾತ್ರಾಸ್ಪರ್ಶಾಸ್ತು ಕೌಂತೇಯ...’ ಶೀತ ಉಷ್ಣ, ಸುಖ ದುಃಖ ಬರುತ್ತವೆ, ಹೋಗುತ್ತವೆ, ಅವನ್ನು ಸಹಿಸಿಕೋ. ಚಿಕ್ಕಂದಿನಿಂದ ಬಾಯಿಪಾಠವಾದ ಶ್ಲೋಕ. ಅದು ಸುಳ್ಳೆಂದು ನಾನು ಹೇಳಲಾರೆ. ಆದರೆ ರಾತ್ರಿ ಮೂರು ಗಂಟೆಗೆ, ಹೊದಿಕೆಯನ್ನು ಎಳೆದುಕೊಳ್ಳಲೂ ಆಗದೆ ಮಲಗಿರುವಾಗ, ‘ಸಹಿಸಿಕೋ’ ಎಂಬ ಮಾತು ನನ್ನ ಕಿವಿಗೆ ‘ಸುಮ್ಮನಿರು’ ಎಂದೇ ಬೀಳುತ್ತದೆ. ಒಂದು ಕಾಲಕ್ಕೆ ನನಗೆ ಆಸರೆಯಾಗಿದ್ದ ಪುಸ್ತಕವನ್ನು ಈಗ ತೆರೆಯಲು ಭಯವಾಗುತ್ತದೆ.

ನೀವು ನಂಬುವ ಗ್ರಂಥ ಯಾವುದೇ ಇರಲಿ, ದೇಹವೂ ಮನಸ್ಸೂ ಒಟ್ಟಿಗೆ ಸೋತ ದಿನಗಳಲ್ಲಿ ಅದನ್ನು ಹೇಗೆ ಓದಿದಿರಿ? ಎಲ್ಲಿಂದ ಓದಿದಿರಿ? ದಯವಿಟ್ಟು ಸಮಾಧಾನದ ಸಾಲುಗಳನ್ನು ಕಳುಹಿಸಬೇಡಿ. ನಿಮಗೆ ಆದದ್ದನ್ನು ಬರೆಯಿರಿ.

ಹಳೆಯ ಪಾಠದವನು

ಅಮ್ಮಾ, ನಾನು ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದವನು. ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಗೀತೆಯ ಮೊದಲ ಅಧ್ಯಾಯವನ್ನು ನಾನು ಯಾವಾಗಲೂ ಬೇಗ ಬೇಗ ಮುಗಿಸುತ್ತಿದ್ದೆ. ಶಂಖಗಳ ಹೆಸರು, ವೀರರ ಹೆಸರು, ಅರ್ಜುನ ಕುಸಿದ ಎಂಬ ಕಥೆ, ಇನ್ನು ‘ನಿಜವಾದ ಉಪದೇಶ’ಕ್ಕೆ ಹೋಗೋಣ ಎನ್ನುತ್ತಿದ್ದೆ. ಹೆಂಡತಿ ಹಾಸಿಗೆ ಹಿಡಿದ ವರ್ಷ ಆ ಅಧ್ಯಾಯವನ್ನು ಮೊದಲ ಬಾರಿಗೆ ನಿಧಾನವಾಗಿ ಓದಿದೆ.

29 ಮತ್ತು 30ನೆಯ ಶ್ಲೋಕಗಳನ್ನು ನೋಡಿ. ‘ಸೀದಂತಿ ಮಮ ಗಾತ್ರಾಣಿ’: ಅಂಗಾಂಗಗಳು ಕುಸಿಯುತ್ತಿವೆ. ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ರೋಮ ನಿಮಿರುತ್ತಿದೆ. ‘ಗಾಂಡೀವಂ ಸ್ರಂಸತೇ ಹಸ್ತಾತ್’: ಬಿಲ್ಲು ಕೈಯಿಂದ ಜಾರುತ್ತಿದೆ. ಚರ್ಮ ಸುಡುತ್ತಿದೆ, ನಿಲ್ಲಲಾಗುತ್ತಿಲ್ಲ, ಮನಸ್ಸು ತಿರುಗುತ್ತಿದೆ. ಮನಸ್ಸಿನ ದುಃಖವನ್ನು ಹೇಳಲು ಹೊರಟವನು ಮೊದಲು ಮೈಯ ಸ್ಥಿತಿಯನ್ನು ಹೇಳುತ್ತಾನೆ. ನೀವು ಬರೆದ ಮೊದಲ ಸಾಲುಗಳೂ ಹಾಗೆಯೇ ಇವೆ. ನಿಮ್ಮ ಕೈ ಮುಷ್ಟಿ ಕಟ್ಟದು. ಅವನ ಕೈ ಬಿಲ್ಲು ಹಿಡಿಯದು.

ಆ ಅಧ್ಯಾಯದ 47 ಶ್ಲೋಕಗಳಲ್ಲಿ ಕೃಷ್ಣನ ಮಾತು ಒಂದೇ ಒಂದು: ‘ಪಾರ್ಥ, ಇಲ್ಲಿ ಸೇರಿರುವ ಕುರುಗಳನ್ನು ನೋಡು.’ ಆಮೇಲೆ ಅರ್ಜುನ ಹೇಳುತ್ತಾ ಹೋಗುತ್ತಾನೆ, ಕೃಷ್ಣ ಕೇಳುತ್ತಾನೆ. ಈ ಅಳಲಿಗೆ ಸಂಪ್ರದಾಯ ಇಟ್ಟ ಹೆಸರು ‘ಅರ್ಜುನವಿಷಾದಯೋಗ’. ವಿಷಾದವನ್ನೂ ಯೋಗವೆಂದು ಕರೆದು ಗ್ರಂಥದ ಬಾಗಿಲಿನಲ್ಲೇ ಕೂರಿಸಿದರು. ನಿಮಗೆ ಶ್ಲೋಕ ಕಳುಹಿಸುವವರು ಬಾಗಿಲನ್ನು ಬಿಟ್ಟು ಗೋಡೆ ಹಾರಿ ಒಳಗೆ ಬಂದಿದ್ದಾರೆ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ.

ಎದುರು ದಡ

ಹಿರಿಯರ ಮಾತಿನ ಮೇಲೆ ಗೌರವವಿದೆ, ಆದರೆ ಇದು ಅರ್ಧ ಸತ್ಯ. ಕೃಷ್ಣ ಬಾಯಿ ತೆರೆದ ಕೂಡಲೇ ಏನೆನ್ನುತ್ತಾನೆ? ‘ಈ ಹೊತ್ತಿನಲ್ಲಿ ಈ ಕೊಳಕು ನಿನಗೆಲ್ಲಿಂದ ಬಂತು? ಹೇಡಿಯಾಗಬೇಡ.’ ಎರಡನೆಯ ಅಧ್ಯಾಯದ 2 ಮತ್ತು 3ನೆಯ ಶ್ಲೋಕಗಳು ಅಪ್ಪಟ ಬೈಗುಳ. ಖಿನ್ನತೆಯಲ್ಲಿದ್ದ ನನಗೆ ಮನೆಯವರು ಹೇಳಿದ್ದೂ ಅದನ್ನೇ. ಆ ಶ್ಲೋಕಗಳನ್ನು ಓದಿದರೆ ನನಗೆ ಇಂದಿಗೂ ಅವರ ಧ್ವನಿ ಕೇಳಿಸುತ್ತದೆ.

ಹಳೆಯ ಪಾಠದವನು

ನೀವು ಹೇಳುವುದು ಸರಿ, ಅದನ್ನು ಮುಚ್ಚಿಡಬಾರದಿತ್ತು. ಆದರೆ ಮುಂದಿನ ಶ್ಲೋಕಗಳನ್ನು ಓದಿ: ಆ ಬೈಗುಳ ಫಲಿಸಲಿಲ್ಲ. ಬೈಸಿಕೊಂಡ ಅರ್ಜುನ ಎದ್ದು ಬಿಲ್ಲು ಹಿಡಿಯಲಿಲ್ಲ. ಭೀಷ್ಮದ್ರೋಣರ ಮೇಲೆ ಹೇಗೆ ಬಾಣ ಬಿಡಲಿ ಎಂದು ಮತ್ತೆ ಕೇಳಿದ. ‘ಇಂದ್ರಿಯಗಳನ್ನು ಒಣಗಿಸುವ ಈ ಶೋಕವನ್ನು ಯಾವುದು ಕಳೆಯಬಲ್ಲುದೋ ನನಗೆ ಕಾಣುತ್ತಿಲ್ಲ’ ಎಂದ. ಕೊನೆಗೆ ‘ಯುದ್ಧ ಮಾಡುವುದಿಲ್ಲ’ ಎಂದು ಮೌನವಾದ. ಈ ನಡುವೆ ಏಳನೆಯ ಶ್ಲೋಕದಲ್ಲಿ ಅವನೇ ಕೇಳಿಕೊಂಡ: ನಾನು ನಿನ್ನ ಶಿಷ್ಯ, ನನಗೆ ತಿಳಿಸು. ಆಮೇಲೆಯೇ ಉಪದೇಶ, 11ನೆಯ ಶ್ಲೋಕದಿಂದ. ‘ಸಹಿಸಿಕೋ’ ಬರುವುದು 14ರಲ್ಲಿ. ಇಷ್ಟು ಮೆಟ್ಟಿಲು ಹತ್ತಿದ ಮೇಲೆ ಸಿಗುವ ಮಾತನ್ನು ಕೇಳದವರ ಕೈಗೆ ಮೊದಲೇ ತುರುಕಿದರೆ ಅದು ಭಾರವಾಗುತ್ತದೆ.

ನಿಮ್ಮ ಮನೆಯವರು ಎರಡನೆಯ ಶ್ಲೋಕದಲ್ಲೇ ನಿಂತುಬಿಟ್ಟರು ಎಂದು ತೋರುತ್ತದೆ. ನಿಮಗಾದ ಗಾಯವನ್ನು ನಾನು ವ್ಯಾಖ್ಯಾನದಿಂದ ಮಾಯಿಸಲಾರೆ.

ರಾತ್ರಿ ಪಾಳಿ

ನಾನು ನರ್ಸ್. ಗುಣವಾಗುವ ಭರವಸೆ ಇಲ್ಲದ ರೋಗಿಗಳ ನೋವು ಕಡಿಮೆ ಮಾಡುವ ವಾರ್ಡಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ನನ್ನ ಗ್ರಂಥ ಬೈಬಲ್. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ನೀತಿವಂತ ಯೋಬನ ಕಥೆ ಎಲ್ಲರಿಗೂ ಗೊತ್ತು ಅನ್ನುತ್ತಾರೆ. ಆದರೆ ‘ಯೋಬನ ತಾಳ್ಮೆ’ ಎಂಬ ಮಾತು ಹಬ್ಬಿದಷ್ಟು ಆ 42 ಅಧ್ಯಾಯಗಳನ್ನು ಜನ ಓದಿಲ್ಲ. ಮೂರನೆಯ ಅಧ್ಯಾಯದಲ್ಲಿ ಆತ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಅಲ್ಲಿಂದ ಮುಂದೆ ದೇವರನ್ನೇ ವ್ಯಾಜ್ಯಕ್ಕೆ ಕರೆಯುತ್ತಾನೆ.

ನನ್ನ ಕೆಲಸಕ್ಕೆ ದಾರಿ ತೋರಿಸಿದ್ದು ಎರಡನೆಯ ಅಧ್ಯಾಯದ ಕೊನೆಯ ವಾಕ್ಯ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು ಬಂದು, ಮೈತುಂಬ ಹುಣ್ಣಾದ ಯೋಬನ ಜೊತೆ ಏಳು ದಿನ ಏಳು ರಾತ್ರಿ ನೆಲದ ಮೇಲೆ ಕುಳಿತರು. ಅವನ ನೋವು ಅಷ್ಟು ದೊಡ್ಡದೆಂದು ಕಂಡು ಯಾರೂ ಒಂದು ಮಾತೂ ಆಡಲಿಲ್ಲ. ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಇದೊಂದೇ. ಬಾಯಿ ತೆರೆದ ಮೇಲೆ ಅವರು ಆಡಿದ್ದೆಲ್ಲ ಭಕ್ತಿಯ ಮಾತೇ: ದೇವರು ನ್ಯಾಯವಂತ, ಆದ್ದರಿಂದ ನೀನು ತಪ್ಪು ಮಾಡಿರಲೇಬೇಕು. ಕೊನೆಯ ಅಧ್ಯಾಯದಲ್ಲಿ ದೇವರು ಎಲೀಫಜನಿಗೆ ಹೇಳುತ್ತಾನೆ: ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಲಿಲ್ಲ. ಕೂಗಾಡಿದವನ ಮಾತು ಸರಿ, ದೇವರ ಪರವಾಗಿ ವಾದಿಸಿದವರ ಮಾತು ತಪ್ಪು ಎಂದು ದೇವರೇ ತೀರ್ಪು ಕೊಟ್ಟ ಹಾಗಾಯಿತು.

ವಾರ್ಡಿನಲ್ಲಿ ನಾನು ಕಂಡದ್ದೂ ಇದೇ. ಮಂಚದ ಪಕ್ಕದಲ್ಲಿ ವಾಕ್ಯ ಓದುವ ಸಂಬಂಧಿಕರು ಹೋದ ಮೇಲೆ ರೋಗಿ ಗೋಡೆಯ ಕಡೆಗೆ ತಿರುಗಿಕೊಳ್ಳುತ್ತಾರೆ. ಸುಮ್ಮನೆ ಕೈ ಹಿಡಿದು ಕೂತವರು ಹೋದ ಮೇಲೆ ‘ಅವರು ನಾಳೆಯೂ ಬರುತ್ತಾರಾ?’ ಎಂದು ಕೇಳುತ್ತಾರೆ. ಅಕ್ಕಮಹಾದೇವಿಯ ಮಾತು ನನಗೆ ದಿನವೂ ನೆನಪಾಗುತ್ತದೆ: ‘ನೊಂದವರ ನೋವ ನೋಯದವರೆತ್ತ ಬಲ್ಲರು.’

ಶ್ರದ್ಧಾವಂತ

ಎಲ್ಲರೂ ಭಾವುಕವಾಗಿ ಬರೆಯುತ್ತಿದ್ದೀರಿ. ನಮ್ಮ ಶಾಸ್ತ್ರದ ಉತ್ತರ ನೇರವಾಗಿದೆ. ಹಿಂದೆ ಮಾಡಿದ ಕರ್ಮವನ್ನು ಅನುಭವಿಸಿಯೇ ತೀರಬೇಕು. ಇದನ್ನು ಒಪ್ಪಿಕೊಂಡ ದಿನ ಅರ್ಧ ನೋವು ಇಳಿಯುತ್ತದೆ. ಸಹೋದರಿ, ನಿಮ್ಮ ಋಣ ತೀರುತ್ತಿದೆ ಎಂದು ತಿಳಿಯಿರಿ. ಒಳ್ಳೆಯ ಮನಸ್ಸಿನಿಂದ ಹೇಳುತ್ತಿದ್ದೇನೆ.

ನಿದ್ದೆಗೆಟ್ಟವಳು

ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ ಎಂದು ನಂಬುತ್ತೇನೆ. ಆದರೆ ನನಗೆ ನೆನಪೇ ಇಲ್ಲದ ತಪ್ಪಿಗೆ ಈ ಬೆರಳುಗಳು ಸಾಕ್ಷಿ ಎಂದು ಕೇಳಿದಾಗ ನೋವು ಇಳಿಯುವುದಿಲ್ಲ. ನೋವಿನ ಜೊತೆ ನಾಚಿಕೆಯೂ ಸೇರಿಕೊಳ್ಳುತ್ತದೆ.

ಪಾಲಿ ಓದುಗ

ಕರ್ಮವನ್ನು ನಂಬುವ ಪರಂಪರೆಯೊಳಗಿನಿಂದಲೇ ಒಂದು ಮಾತು. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಸಂಯುತ್ತ ನಿಕಾಯದ 36ನೆಯ ಭಾಗದ ಹೆಸರು ವೇದನಾ ಸಂಯುತ್ತ. ನಾವು ವೇದನೆ ಎಂದರೆ ನೋವು ಎಂದೇ ತಿಳಿಯುತ್ತೇವೆ. ಪಾಲಿಯಲ್ಲಿ ಸುಖದ, ದುಃಖದ, ಎರಡೂ ಅಲ್ಲದ ಅನುಭವಗಳಿಗೆಲ್ಲ ಅದೇ ಪದ. ಅಲ್ಲಿ ಸೀವಕನೆಂಬ ಪರಿವ್ರಾಜಕ ಬುದ್ಧನನ್ನು ನೇರವಾಗಿ ಕೇಳುತ್ತಾನೆ: ಮನುಷ್ಯ ಅನುಭವಿಸುವುದೆಲ್ಲ ಹಿಂದಿನ ಕರ್ಮದಿಂದಲೇ ಎನ್ನುವವರಿದ್ದಾರೆ, ನೀವೇನು ಹೇಳುತ್ತೀರಿ? ಬುದ್ಧ ಎಂಟು ಕಾರಣಗಳನ್ನು ಹೇಳುತ್ತಾನೆ. ಪಿತ್ತ, ಕಫ, ವಾತ, ಈ ಮೂರರ ಕೂಟ, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು, ಎಂಟನೆಯದಾಗಿ ಕರ್ಮದ ಫಲ. ಎಲ್ಲವೂ ಕರ್ಮ ಎನ್ನುವವರು ತಾವು ಕಂಡದ್ದನ್ನೂ ಲೋಕ ಒಪ್ಪಿರುವುದನ್ನೂ ಮೀರಿ ಓಡುತ್ತಿದ್ದಾರೆ, ಅದು ಅವರ ತಪ್ಪು ಎನ್ನುತ್ತಾನೆ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿಯೂ ಇಂಥದೇ ಪ್ರಶ್ನೆ ಇದೆ. ಹುಟ್ಟು ಕುರುಡನನ್ನು ಕಂಡು ಶಿಷ್ಯರು ಕೇಳುತ್ತಾರೆ: ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ? ಯೇಸುವಿನ ಉತ್ತರ: ಇವನೂ ಅಲ್ಲ, ಅವರೂ ಅಲ್ಲ.

ಎರಡು ಬಾಣಗಳ ಸುತ್ತವೂ (ಉಪದೇಶವೂ) ವೇದನಾ ಸಂಯುತ್ತದಲ್ಲೇ ಇದೆ. ಮೈಗೆ ನೋವಾದಾಗ ಅಜ್ಞಾನಿ ಕೊರಗಿ, ಎದೆ ಬಡಿದುಕೊಂಡು ಎರಡನೆಯ ಬಾಣವನ್ನೂ ತಿನ್ನುತ್ತಾನೆ. ತಿಳಿದವನಿಗೆ ಒಂದೇ ಬಾಣ. ಇದನ್ನು ಓದಿ ‘ನಿನ್ನ ದುಃಖವೆಲ್ಲ ನೀನೇ ಹೊಡೆದುಕೊಂಡ ಬಾಣ’ ಎಂದು ರೋಗಿಗೆ ಹೇಳುವವರನ್ನು ನಾನು ಕಂಡಿದ್ದೇನೆ. ತಿಳಿದವನಿಗೂ ಮೊದಲ ಬಾಣ ತಾಗುತ್ತದೆ ಎಂಬುದನ್ನು ಅವರು ಬಿಟ್ಟುಬಿಡುತ್ತಾರೆ. ಇನ್ನೊಂದು ಪಾಲಿ ಸಂಗ್ರಹವಾದ ಮಜ್ಝಿಮ ನಿಕಾಯದಲ್ಲಿ ಬುದ್ಧನೇ ಸಭೆಯ ನಡುವೆ ಆನಂದನಿಗೆ ಹೇಳುವ ಮಾತಿದೆ: ನನ್ನ ಬೆನ್ನು ನೋಯುತ್ತಿದೆ, ಸ್ವಲ್ಪ ಒರಗುತ್ತೇನೆ, ಮುಂದಿನ ಬೋಧನೆ ನೀನು ಮಾಡು. ಬೆನ್ನು ನೋಯುವುದನ್ನು ಮುಚ್ಚಿಡಬೇಕೆಂದು ಬುದ್ಧನಿಗೆ ಅನ್ನಿಸಲಿಲ್ಲ. ಮೈ ಕೈಕೊಟ್ಟ ದಿನ ನಾನು ಈ ಒಂದು ಸಾಲನ್ನು ನೆನೆದು, ಮಾಡುತ್ತಿದ್ದ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಮಲಗುತ್ತೇನೆ.

ಶ್ರದ್ಧಾವಂತ

ಸಹೋದರಿ, ಕ್ಷಮಿಸಿ. ನಿಮ್ಮ ‘ನಾಚಿಕೆ’ ಎಂಬ ಪದ ಎರಡು ದಿನ ನನ್ನನ್ನು ಬಿಡಲಿಲ್ಲ. ನನ್ನ ತಂದೆ ಏಳು ವರ್ಷ ಪಾರ್ಶ್ವವಾಯುವಿನಿಂದ ಮಲಗಿದ್ದರು. ‘ಇದು ನನ್ನ ಕರ್ಮ, ತೀರಿಸಿ ಹೋಗುತ್ತೇನೆ’ ಎಂದು ಅವರು ಹೇಳುತ್ತಿದ್ದರು, ಹೇಳಿ ನಗುತ್ತಿದ್ದರು. ಆ ಮಾತು ಅವರನ್ನು ನಿಜವಾಗಿ ಎತ್ತಿ ಹಿಡಿದಿತ್ತು. ಅವರಿಗೆ ಊರುಗೋಲಾದದ್ದು ನಿಮಗೂ ಆಗಬಹುದೆಂದುಕೊಂಡೆ. ನಾನು ಈಗಲೂ ಕರ್ಮವನ್ನು ನಂಬುತ್ತೇನೆ. ಆದರೆ ಅದನ್ನು ಹೇಳಿದ್ದು ಮಲಗಿದ್ದವರು, ಅವರ ಪಕ್ಕ ಕುಳಿತಿದ್ದ ನಾನಲ್ಲ. ಈ ವ್ಯತ್ಯಾಸವನ್ನು ಇಷ್ಟು ವರ್ಷ ಗಮನಿಸಿರಲಿಲ್ಲ.

ಒಬ್ಬ ತಂದೆ

ನಾಲ್ಕು ದಿನದಿಂದ ಓದುತ್ತಿದ್ದೇನೆ, ಬರೆಯಲು ಧೈರ್ಯ ಬರಲಿಲ್ಲ. ಹನ್ನೊಂದು ವರ್ಷದ ಮಗ ಹೋಗಿ ಆರು ವರ್ಷವಾಯಿತು. ‘ಸಬ್ರ್ ಮಾಡು’ ಎಂದು ಎಲ್ಲರೂ ಹೇಳಿದರು. ಸಹನೆ ಎಂದರೆ ಅಳದಿರುವುದು ಎಂದೇ ನಾನೂ ತಿಳಿದಿದ್ದೆ. ಎರಡು ವರ್ಷ ಅಳಲಿಲ್ಲ. ಆಮೇಲೆ ಎದೆನೋವು ಶುರುವಾಯಿತು. ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ.

ಒಂದು ರಾತ್ರಿ ಕುರ್‌ಆನಿನ ಹನ್ನೆರಡನೆಯ ಅಧ್ಯಾಯ, ಯೂಸುಫರ ಕಥೆಯನ್ನು ತೆರೆದೆ. ಅದರಲ್ಲಿ ತಂದೆ ಯಾಕೂಬರು ಪ್ರವಾದಿ. ಮಗನನ್ನು ಕಳೆದುಕೊಂಡು, ಮೊದಲೇ ‘ಸುಂದರ ಸಹನೆ’ಯ ಮಾತನ್ನಾಡಿದವರು. ಅದೇ ಯಾಕೂಬರ ಕಣ್ಣುಗಳು ದುಃಖದಿಂದ ಬೆಳ್ಳಗಾದವು ಎಂದು 84ನೆಯ ವಚನ ಹೇಳುತ್ತದೆ. ವರ್ಷಗಳು ಕಳೆದಿದ್ದವು, ಅವರ ದುಃಖ ಕಳೆದಿರಲಿಲ್ಲ. ಉಳಿದ ಮಕ್ಕಳು ಬೇಸರಪಟ್ಟರು: ಯೂಸುಫನನ್ನು ನೆನೆದೂ ನೆನೆದೂ ನೀವು ನಶಿಸಿಹೋಗುತ್ತೀರಿ. ಅವರ ಉತ್ತರ: ನನ್ನ ಸಂಕಟವನ್ನೂ ದುಃಖವನ್ನೂ ನಾನು ಅಲ್ಲಾಹನಲ್ಲಿ ಮಾತ್ರ ತೋಡಿಕೊಳ್ಳುತ್ತೇನೆ. ತೋಡಿಕೊಳ್ಳುವುದಿಲ್ಲ ಎಂದು ಅವರು ಹೇಳಲಿಲ್ಲ. ಬೈಬಲಿನಲ್ಲಿ ಯೋಬನೆಂದು ಕರೆಯುವ ಅಯ್ಯೂಬರೂ ‘ನನಗೆ ಕಷ್ಟ ತಟ್ಟಿದೆ, ನೀನು ಕರುಣಿಗಳಲ್ಲಿ ಮಹಾಕರುಣಿ’ ಎಂದು ಮೊರೆಯಿಟ್ಟರು. ಮೊರೆಯಿಟ್ಟವರನ್ನೇ ‘ಸಹನಶೀಲನಾಗಿ ಕಂಡೆವು’ ಎಂದು ಗ್ರಂಥ ಕೊಂಡಾಡುತ್ತದೆ. ಪ್ರವಾದಿ ಮುಹಮ್ಮದರು ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಕಣ್ಣೀರು ಹಾಕಿದರು. ಕಣ್ಣು ಅಳುತ್ತದೆ, ಹೃದಯ ದುಃಖಿಸುತ್ತದೆ ಎಂದರು. ಅದನ್ನು ಓದಿದ ರಾತ್ರಿ ನಾನು ಅತ್ತೆ. ಹೆಂಡತಿ ಎದ್ದು ಬಂದಳು. ಎರಡು ವರ್ಷದ ನಂತರ ಮಗನ ಹೆಸರು ಹಿಡಿದು ಮಾತನಾಡಿದೆವು.

ಯೋಬನ ಬಗ್ಗೆ ಬರೆದ ತಂಗಿಗೆ ಒಂದು ಮಾತು. ಆ ಕಥೆಯ ಕೊನೆ ನನ್ನನ್ನು ಬಹಳ ಕಾಡಿತ್ತು. ಹೊಸ ಮಕ್ಕಳು ಹುಟ್ಟಿದರು, ಸರಿಹೋಯಿತು ಎನ್ನಲು ಸಾಧ್ಯವೇ? ಆಮೇಲೆ ಲೆಕ್ಕ ನೋಡಿದೆ. 7,000 ಕುರಿಗಳು 14,000 ಆದವು, ಒಂಟೆ, ಎತ್ತು, ಕತ್ತೆ ಎಲ್ಲವೂ ಇಮ್ಮಡಿಯಾದವು. ಮಕ್ಕಳು ಮಾತ್ರ ಮೊದಲಿನಂತೆ ಏಳು ಗಂಡು, ಮೂರು ಹೆಣ್ಣು. ಇಮ್ಮಡಿಯಾಗಲಿಲ್ಲ. ಮೊದಲಿನ ಹತ್ತು ಮಕ್ಕಳನ್ನೂ ಗ್ರಂಥ ಲೆಕ್ಕದಿಂದ ತೆಗೆದಿಲ್ಲ ಎಂದೇ ನಾನು ಓದುತ್ತೇನೆ. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ನಾನೂ ಈಗ ಇಬ್ಬರು ಎನ್ನುತ್ತೇನೆ.

ರಾತ್ರಿ ಪಾಳಿ

ಅಣ್ಣಾ, ನಿಮ್ಮ ಕೊನೆಯ ಸಾಲನ್ನು ಓದಿ ಇವತ್ತಿನ ಪಾಳಿಗೆ ಹೋಗುತ್ತಿದ್ದೇನೆ. ಬೇರೇನೂ ಬರೆಯಲಾರೆ.

ಪ್ರಾರ್ಥನೆ ನಿಲ್ಲಿಸಿದವಳು

ನನಗೆ ಈಗ ಹಿಂದಿನ ನಂಬಿಕೆ ಉಳಿದಿಲ್ಲ. ಆದರೂ ಒಂದು ಪುಟವನ್ನು ಬಿಟ್ಟಿಲ್ಲ, ಬೈಬಲಿನ 88ನೆಯ ಕೀರ್ತನೆ. 150 ಕೀರ್ತನೆಗಳಲ್ಲಿ ಗೋಳಿನ ಹಾಡುಗಳು ಬಹಳ ಇವೆ; ಸುಮಾರು ಮೂರರಲ್ಲಿ ಒಂದು ಭಾಗ ಎನ್ನಬಹುದು. 13ನೆಯದರಲ್ಲಿ ‘ಎಲ್ಲಿಯವರೆಗೆ?’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ, ಕೊನೆಯ ಹೊತ್ತಿಗೆ ಹಾಡು ನಂಬಿಕೆಯ ಕಡೆಗೆ ತಿರುಗುತ್ತದೆ. ಹೆಚ್ಚಿನವು ಹಾಗೆ ತಿರುಗುತ್ತವೆ. 88 ತಿರುಗುವುದಿಲ್ಲ. ಹಗಲೂ ರಾತ್ರಿ ನಾನು ಕೂಗಿದೆ, ನೀನು ನನ್ನ ಸ್ನೇಹಿತರನ್ನು ದೂರಮಾಡಿದೆ ಎಂದು ದೇವರಿಗೆ ಹೇಳುತ್ತಾ ಕತ್ತಲೆ ಎಂಬ ಪದದಲ್ಲಿ ನಿಂತುಬಿಡುತ್ತದೆ. ಅದನ್ನು ತಿದ್ದಿ ಬೆಳಕಿನ ಒಂದು ಸಾಲನ್ನು ಸೇರಿಸಬೇಕೆಂದು ಶತಮಾನಗಳಲ್ಲಿ ಯಾರಿಗೂ ಅನ್ನಿಸಲಿಲ್ಲವಲ್ಲ, ಆ ಕೈಗಳಿಗೆ ನಾನು ಋಣಿ. ನನ್ನ ಅತಿ ಕೆಟ್ಟ ರಾತ್ರಿಗಳಲ್ಲಿ ನನ್ನಷ್ಟೇ ಕತ್ತಲೆಯಲ್ಲಿದ್ದ ಒಬ್ಬರ ಧ್ವನಿ ಆ ಪುಟದಲ್ಲಿತ್ತು.

ಎದುರು ದಡ

ಮೊದಲು ಪ್ರಶ್ನೆ ಕೇಳಿದವರಿಗೆ ಒಂದು ಮುಖ್ಯ ವಿಷಯ. ನೀವು ಬರೆದ ಲಕ್ಷಣಗಳು ನನಗೂ ಇದ್ದವು. ‘ಪ್ರಾರ್ಥನೆ ಹೆಚ್ಚಿಸು’ ಎಂದರು, ಹೆಚ್ಚಿಸಿದೆ. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಎಂದಾಗುತ್ತದೆ ಎಂದರು, ನಿಲ್ಲಿಸಿದೆ. ಆ ನಿಲ್ಲಿಸಿದ ತಿಂಗಳುಗಳಲ್ಲಿ ಬದುಕೇ ಬೇಡವೆನಿಸಿತ್ತು.

ಆಮೇಲೆ ಒಬ್ಬ ಸ್ನೇಹಿತ ಎಲೀಯನ ಕಥೆಯನ್ನು ತೋರಿಸಿದ, ಬೈಬಲಿನ 1 ಅರಸುಗಳು ಎಂಬ ಪುಸ್ತಕದ 19ನೆಯ ಅಧ್ಯಾಯ. ಎಲೀಯ ದೊಡ್ಡ ಪ್ರವಾದಿ. ಅವನು ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ‘ಸಾಕು, ನನ್ನ ಪ್ರಾಣವನ್ನು ತೆಗೆದುಬಿಡು’ ಎಂದು ಬೇಡಿ ಮಲಗುತ್ತಾನೆ. ದೇವದೂತ ಬರುತ್ತಾನೆ. ಬುದ್ಧಿ ಹೇಳುವುದಿಲ್ಲ, ನಂಬಿಕೆಯ ಕೊರತೆ ಎನ್ನುವುದಿಲ್ಲ. ಮೈಮುಟ್ಟಿ ಎಬ್ಬಿಸಿ ‘ಎದ್ದು ತಿನ್ನು’ ಎನ್ನುತ್ತಾನೆ. ತಲೆಯ ಬಳಿ ಬಿಸಿ ರೊಟ್ಟಿ, ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಮತ್ತೆ ಎಬ್ಬಿಸುತ್ತಾನೆ, ಮತ್ತೆ ತಿನ್ನಿಸುತ್ತಾನೆ: ‘ನಿನ್ನ ಶಕ್ತಿ ಮೀರಿದ ದಾರಿ ಇದೆ.’ ದೇವರ ಮಾತು ಬರುವುದು ನಲವತ್ತು ದಿನಗಳ ನಂತರ. ಅಲ್ಲಿಯೂ ದೇವರು ‘ಇಲ್ಲಿ ಏನು ಮಾಡುತ್ತಿದ್ದೀ?’ ಎಂದು ಎರಡು ಸಲ ಕೇಳುತ್ತಾನೆ, ಎಲೀಯ ಎರಡು ಸಲವೂ ಅದೇ ದೂರನ್ನು ಅಕ್ಷರ ಬಿಡದೆ ಒಪ್ಪಿಸುತ್ತಾನೆ. ಒಂದೇ ನೋವನ್ನು ಮತ್ತೆ ಮತ್ತೆ ಹೇಳುವವರನ್ನು ಕಂಡರೆ ಬೇಸರಪಡುವವರು ಇದನ್ನು ಓದಬೇಕು.

ನಾನು ಮತ್ತೆ ಮನೋವೈದ್ಯರ ಬಳಿ ಹೋದೆ. ನೀವೂ ಹೋಗಿ, ತಡಮಾಡಬೇಡಿ. ಕೈಯ ವೈದ್ಯರಿಗೂ ಅಳುವಿನ ವಿಷಯ ತಿಳಿಸಿ. ಬದುಕು ಬೇಡವೆಂಬ ಯೋಚನೆ ಬಂದರೆ ಆ ರಾತ್ರಿಯೇ ಯಾರನ್ನಾದರೂ ಎಬ್ಬಿಸಿ.

ಹಳೆಯ ಪಾಠದವನು

ಇವರ ಮಾತಿಗೆ ಮಹಾಭಾರತದಿಂದ ಒಂದು ಸೇರಿಕೆ. ವನಪರ್ವದ ಆರಂಭದಲ್ಲಿ ಶೌನಕ ಯುಧಿಷ್ಠಿರನಿಗೆ ಆಧಿ, ವ್ಯಾಧಿಗಳ ಬಗ್ಗೆ ಹೇಳುತ್ತಾನೆ. ಆಧಿ ಮನಸ್ಸಿನದು, ವ್ಯಾಧಿ ಮೈಯದು. ಕಾದ ಕಬ್ಬಿಣದ ಗುಂಡನ್ನು ಹಾಕಿದರೆ ಕೊಡದ ನೀರು ಹೇಗೆ ಕಾಯುತ್ತದೆಯೋ ಹಾಗೆ ಮನಸ್ಸಿನ ದುಃಖದಿಂದ ಶರೀರ ಬೇಯುತ್ತದೆ ಎನ್ನುತ್ತಾನೆ. ಅದಕ್ಕೇ ಬುದ್ಧಿವಂತರಾದ ವೈದ್ಯರು ಪ್ರಿಯವಾದ ಮಾತುಗಳಿಂದಲೂ ಹಿತವಾದ ವಸ್ತುಗಳಿಂದಲೂ ಮೊದಲು ಮನಸ್ಸನ್ನು ಶಮನಗೊಳಿಸುತ್ತಾರೆ ಎಂದೂ ಅಲ್ಲಿದೆ. ವ್ಯಾಧಿಗೆ ಬೇಗ ಪ್ರತೀಕಾರ ಮಾಡಬೇಕೆಂಬುದೂ ಅದೇ ಜಾಗದಲ್ಲಿದೆ, ಅಮ್ಮಾ. ಚಿಕಿತ್ಸೆ ಶಾಸ್ತ್ರಕ್ಕೆ ಹೊರಗಿನದಲ್ಲ.

ನಿದ್ದೆಗೆಟ್ಟವಳು

ಎಲ್ಲವನ್ನೂ ಓದಿದೆ, ಕೆಲವನ್ನು ಎರಡೆರಡು ಸಲ. ಉತ್ತರಿಸಲು ತಡವಾಯಿತು, ಟೈಪ್ ಮಾಡುವುದು ಈ ವಾರ ಕಷ್ಟವಾಗಿತ್ತು.

ಮನೋವೈದ್ಯರ ಭೇಟಿಗೆ ಗುರುವಾರದ ಸಮಯ ಸಿಕ್ಕಿದೆ. ಕೈಯ ವೈದ್ಯರಿಗೂ ಹೇಳಿದೆ. ಅಳುವಿನ ಬಗ್ಗೆ ಮೊದಲೇ ಹೇಳಬಹುದಿತ್ತಲ್ಲ ಎಂದರು. ಹೇಳಬಹುದೆಂದು ನನಗೆ ತೋಚಿಯೇ ಇರಲಿಲ್ಲ.

ಶ್ಲೋಕ ಕಳುಹಿಸುವವರಲ್ಲಿ ನನ್ನ ನಾದಿನಿಯೇ ಮುಂದು. ಮೊನ್ನೆ ಅವಳಿಗೆ ಬರೆದೆ: ಕಳುಹಿಸಬೇಡ, ಬಂದು ಓದು, ಮೊದಲ ಅಧ್ಯಾಯದಿಂದ. ಅವಳಿಗೆ ಬೇಸರವಾಗುತ್ತದೆ ಎಂದುಕೊಂಡಿದ್ದೆ. ಅದೇ ಸಂಜೆ ಬಂದಳು. ಬಹಳ ಹೊತ್ತು ಇಬ್ಬರೂ ಏನೂ ಮಾತನಾಡಲಿಲ್ಲ. ಆಮೇಲೆ ಅವಳು ಪುಸ್ತಕ ತೆರೆದು ಹಿಡಿದುಕೊಂಡಳು, ನನ್ನ ಬೆರಳುಗಳಿಗೆ ಅದು ಆಗುವುದಿಲ್ಲ. ಗಾಂಡೀವ ಜಾರುವ ಸಾಲಿಗೆ ಬಂದಾಗ ಅವಳ ಧ್ವನಿ ನಿಂತಿತು. ನನ್ನ ಕೈಯನ್ನು ನೋಡಿದಳು. ‘ನಾನು ಇದನ್ನು ಎಷ್ಟು ಸಲ ಓದಿದ್ದೇನೆ’ ಎಂದಷ್ಟೇ ಹೇಳಿದಳು.

ಎರಡನೆಯ ಅಧ್ಯಾಯಕ್ಕೆ ನಾವಿನ್ನೂ ಹೋಗಿಲ್ಲ. ಶನಿವಾರ ಮತ್ತೆ ಬರುತ್ತಾಳೆ. 88ನೆಯ ಕೀರ್ತನೆಯನ್ನೂ ಓದಿಸಿಕೊಳ್ಳಬೇಕೆಂದಿದ್ದೇನೆ, ಕೊನೆಯ ಸಾಲಿನಲ್ಲೇ ನಿಲ್ಲಿಸಬೇಕೆಂದು ಅವಳಿಗೆ ಮೊದಲೇ ಹೇಳಿಟ್ಟಿದ್ದೇನೆ.